ಮೀನಿಗೆ ಮಣ್ಣು ಕೊಟ್ಟವಳು

ಪುಚ್.

ಗಂಗೂಬಾಯಿ ಕಣ್ಣು ತೆರೆದಳು. ತಗಡಿನ ಮಾಡಿನ ಒಂದೇ ಖೋಲಿ. ಒಲೆಯ ಹಿಂದಿನ ಮೂಲೆಯಲ್ಲಿ ನೀಲಿ ಡ್ರಮ್ಮು. ಸದ್ದು ಬಂದದ್ದು ಅಲ್ಲಿಂದಲೇ. ಎಳೆಗೂಸು ಮೊಲೆ ಬಿಟ್ಟಾಗ ತುಟಿ ಮಾಡುವಂಥ ಸಣ್ಣ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, ಪುಚ್.

ಡ್ರಮ್ಮಿನ ಮೀನುಗಳು ಮೇಲಕ್ಕೆ ಬಂದು ಗಾಳಿ ನುಂಗುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ರಾತ್ರಿ ಎಚ್ಚರಾಗುತ್ತಿತ್ತು. ಅವಳ ಗಂಡ ಪಂಢರಿನಾಥನೂ ಕೊನೆಗೆ ಹೀಗೇ ಬಾಯಿ ತೆರೆದು ಗಾಳಿ ಹುಡುಕಿದ್ದನಂತೆ. ಅವನನ್ನು ಕಂಪನಿಯ ಕೆಸರುಹೊಂಡದಿಂದ ಮೇಲೆತ್ತಿದ ಜೊತೆಗೆಲಸದ ಮಧುಕರ ಒಂದು ಸಂಜೆ ಕುಡಿದ ಅಮಲಿನಲ್ಲಿ ಹಾಗೆ ಹೇಳಿದ್ದ. ಮರುದಿನ ಅವನೇ ಬಂದು, "ವೈನಿ, ನಾ ಏನೂ ಹೇಳಿಲ್ಲ ನೋಡ್ರಿ ಮತ್ತ. ನನಗೂ ಮಕ್ಕಳದಾವ," ಎಂದು ಕೈಮುಗಿದು ಹೋಗಿದ್ದ.

ಎದ್ದು ಡ್ರಮ್ಮಿನ ಹತ್ತಿರ ಹೋದಳು. ತೂತು ಕೊರೆದ ಮುಚ್ಚಳ. ಅದರ ಮೇಲೆ ಗಂಡನ ಪಾನಾ. ಮೊಳದುದ್ದದ ಕಬ್ಬಿಣ. ನಟ್ಟು, ಪೈಪು, ವಾಲ್, ಯಾವುದೇ ಆಗಲಿ ಪಂಢರಿನಾಥ ಅದರಿಂದಲೇ ತಿರುವುತ್ತಿದ್ದ. ಅವನು ಹೋದ ಮೇಲೆ ಕಂಪನಿಯವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವನ ಚಪ್ಪಲಿ, ಊಟದ ಡಬ್ಬಿ ಮತ್ತು ಈ ಪಾನಾ ತಂದುಕೊಟ್ಟಿದ್ದರು. ಮೀನು ಹಾರಿ ಕೆಳಗೆ ಬೀಳಬಾರದೆಂದು ಅವಳು ಅದನ್ನೇ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಳು.

"ಮಲಗ್ರ್ಯೋ," ಎಂದಳು ಮೀನುಗಳಿಗೆ. "ಇನ್ನಾ ಬೆಳಗಾಗಿಲ್ಲ."

ಪುಣೆಯ ಹತ್ತಿರ ರಾಂಜಣಗಾಂವದ ಆ ಕಂಪನಿಯಲ್ಲಿ ಕಾರು, ಬೈಕುಗಳ ಬಿಡಿಭಾಗಗಳಿಗೆ ಹೊಳಪಿನ ಲೇಪ ಹಾಕುತ್ತಿದ್ದರು. ಲೇಪ ಹಾಕಿ ಉಳಿದ ನೀರು ವಿಷ. ಅದನ್ನು ಶುದ್ಧ ಮಾಡಿಯೇ ಹೊರಗೆ ಬಿಡಬೇಕೆಂದು ಸರಕಾರದ ಕಾಯಿದೆ. ಹಾಗೆ ಮಾಡುವವರಿಂದ ಮಾತ್ರ ಮಾಲು ಕೊಳ್ಳುತ್ತೇವೆಂದು ಹೊರದೇಶದ ಖರೀದಿದಾರರ ಷರತ್ತು. ಎರಡಕ್ಕೂ ಸೇರಿಸಿ ಕಂಪನಿ ಒಂದೇ ಉತ್ತರ ಕಟ್ಟಿಸಿತ್ತು. ಗೇಟು ದಾಟಿದೊಡನೆ ಕಣ್ಣಿಗೆ ಬೀಳುವಂತೆ ದೊಡ್ಡ ಗಾಜಿನ ತೊಟ್ಟಿ. ಅದರ ತುಂಬ ಕೆಂಪು, ಬಿಳಿ, ಕೇಸರಿ ಮೀನು. ನಮ್ಮ ಕಾರ್ಖಾನೆಯ ಶುದ್ಧೀಕರಿಸಿದ ನೀರಿನಲ್ಲೇ ಈ ಜೀವಗಳು ಆಡುತ್ತಿವೆ ಎಂದು ಪಕ್ಕದಲ್ಲಿ ಫಲಕ. ಬಂದ ದೊಡ್ಡವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ತೊಟ್ಟಿಗೆ ಬರುತ್ತಿದ್ದದ್ದು ಬೋರಿನ ನೀರು. ಕಾರ್ಖಾನೆಯ ನೀರು ತರುವ ಪೈಪೂ ಇತ್ತು. ಆದರೆ ಅದರ ವಾಲ್ ಮುಚ್ಚಿ, ತಿರುವುವ ಚಕ್ರವನ್ನೇ ಕಳಚಿ ಇಟ್ಟಿದ್ದರು. ಆ ನೀರು ಹಿಂದಿನ ಹಳ್ಳಕ್ಕೆ, ಹಳ್ಳದಿಂದ ಊರವರ ಬಾವಿಗಳಿಗೆ ಹೋಗುತ್ತಿತ್ತು. ವಾಲ್ ಹಳೆಯದು. ಮುಚ್ಚಿದ್ದರೂ ಸಂದಿಯಿಂದ ಹನಿ ಸೋರುತ್ತಿತ್ತು. ಆ ಹನಿಗಳಿಗೇ ವಾರದಲ್ಲಿ ನಾಲ್ಕೈದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ನಸುಕಿನಲ್ಲಿ ಬಂದು ಸತ್ತ ಮೀನು ತೆಗೆಯುವುದು, ಹೊಸದನ್ನು ಬಿಡುವುದು, ಆಮೇಲೆ ಅಂಗಳ ಗುಡಿಸುವುದು ಗಂಗೂಬಾಯಿಯ ಕೆಲಸ. ಮೀನು ಮುಗಿದಾಗ ಪುಣೆಯ ಶಿವಾಜಿನಗರದ ತನಕ ಬಸ್ಸಿನಲ್ಲಿ ಹೋಗಿ, ಅಂಗಡಿಯವನು ಗಾಳಿ ತುಂಬಿ ಕಟ್ಟಿಕೊಟ್ಟ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು. ಕಂಪನಿಯೊಳಗೆ ಇಟ್ಟರೆ ಯಾರಾದರೂ ನೋಡಿಯಾರೆಂದು ಡ್ರಮ್ಮನ್ನು ಅವಳ ಖೋಲಿಯಲ್ಲೇ ಇಡಿಸಿದ್ದರು.

ಈ ವ್ಯವಸ್ಥೆ ಮಾಡಿದವನು ಸುರಕ್ಷತಾ ಅಧಿಕಾರಿ ಸುಖೇಶ್. ತಂದೆತಾಯಿ ಕಾರ್ಕಳದ ಕಡೆಯವರು, ಹುಟ್ಟಿ ಬೆಳೆದದ್ದು ಇಲ್ಲೇ ಪುಣೆಯ ಹಡಪಸರದಲ್ಲಿ. ಮರಾಠಿ ಬೆರೆತ ಕನ್ನಡ.

"ಮಾವಶಿ, ಸತ್ತ ಮೀನು ಕಸದ ಡಬ್ಬದಲ್ಲಿ ಕಾಣಬಾರದು. ಸೀದಾ ಬಾಯ್ಲರ್‌ಗೆ ಹಾಕಿಬಿಡು. ಸುಟ್ಟು ಬೂದಿ ಆಗ್ಬೇಕು. ಸಮಜಲಾ?"

"ಹೂಂ ಸಾಹೇಬ್ರ," ಎಂದಿದ್ದಳು. ಒಂದು ದಿನವೂ ಹಾಕಿರಲಿಲ್ಲ.

ಅವಳದು ರಾಯಬಾಗದ ಕಡೆಯ ಹಳ್ಳಿ. ಅವಳ ಮಂದಿ ಸತ್ತವರನ್ನು ಸುಡುವುದಿಲ್ಲ. ಭಂಡಾರ, ಅಂದರೆ ದೇವರ ಅರಿಶಿನಪುಡಿ ಹಚ್ಚಿ, ಮಣ್ಣಿಗೆ ಇಡುತ್ತಾರೆ. ಊರವರೆಲ್ಲ ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಎಂಥ ಹಗೆಯಿದ್ದರೂ ಮಣ್ಣಿಗೆ ಮಾತ್ರ ತಪ್ಪಿಸುವುದಿಲ್ಲ. ಪಂಢರಿನಾಥ ಸತ್ತ ದಿನ ಅವಳು ತವರಿನಲ್ಲಿದ್ದಳು. ರಾತ್ರಿ ಫೋನು ಬಂತು. ಸಿಕ್ಕ ಗಾಡಿ ಹತ್ತಿ ಬೆಳಿಗ್ಗೆ ಬಂದಿಳಿದರೆ, ಗುತ್ತಿಗೆದಾರನ ಆಳೊಬ್ಬ ತಾನೇ ಸತ್ತವನ ತಮ್ಮನೆಂದು ಹೇಳಿ ಹೆಣವನ್ನು ವಿದ್ಯುತ್ ಚಿತಾಗಾರಕ್ಕೆ ಒಯ್ದು ಮುಗಿಸಿಯಾಗಿತ್ತು. ಅವಳ ಕೈಗೆ ಬಂದದ್ದು ಬಟ್ಟೆ ಕಟ್ಟಿದ ಒಂದು ಮಡಕೆ.

"ಗೇಟಿನ ಹೊರಗೆ ರಸ್ತೆಯಲ್ಲಿ ಹೋಗ್ತಾ ಇದ್ದಾಗ ಎದೆನೋವು ಬಂತು, ಮಾವಶಿ," ಎಂದಿದ್ದ ಸುಖೇಶ್. "ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೂ ಮಾನವೀಯತೆ ಉಂಟಲ್ಲ, ನಿನಗೆ ಕೆಲಸ ಕೊಡ್ತೇವೆ."

ಆ ವರ್ಷ ಕಂಪನಿ ಹೊರತಂದ ಹೊಳಪಿನ ಪುಸ್ತಕದಲ್ಲಿ ಪೊರಕೆ ಹಿಡಿದ ಅವಳ ಫೋಟೋ ಬಂತು. ಗಂಡನನ್ನು ಕಳೆದುಕೊಂಡ ಮಹಿಳೆಗೆ ಆಸರೆ ಎಂದು ಕೆಳಗೆ ಬರೆದಿತ್ತಂತೆ.

ಮಡಕೆಯ ಬೂದಿ ಅವನದೇ ಎಂದು ಅವಳಿಗೆ ಇಂದಿಗೂ ನಂಬಿಕೆ ಬಂದಿರಲಿಲ್ಲ. ಅದಕ್ಕೇ ಇರಬೇಕು, ಮೊದಲ ಸಲ ಸತ್ತ ಮೀನನ್ನು ಬಾಯ್ಲರಿನ ಬಾಯಿಯ ತನಕ ಒಯ್ದವಳು ಅಲ್ಲಿಂದ ತಿರುಗಿಬಂದಳು. ಕಾಂಪೌಂಡಿನ ಗುಂಟ ಕಾಯಿದೆಗಾಗಿ ಕಂಪನಿ ಬೆಳೆಸಿದ ಮರಗಳ ಸಾಲಿತ್ತು. ಹೊಂಗೆಮರದ ಬುಡದಲ್ಲಿ ಗೇಣಷ್ಟು ತೋಡಿದಳು. ಸೊಂಟದ ಚೀಲದಲ್ಲಿದ್ದ ಭಂಡಾರ ಚಿಟಿಕೆ ಹಚ್ಚಿ, ಎಲೆಯಲ್ಲಿ ಸುತ್ತಿ ಇಟ್ಟಳು. ಒಂದು ಹಿಡಿ ಮಣ್ಣು ಹಾಕಿದಳು. ಅಂದಿನಿಂದ ಅದೇ ರೂಢಿಯಾಯಿತು.

ಇದು ಗೊತ್ತಿದ್ದವನು ಕ್ಯಾಂಟೀನಿನ ಅಡುಗೆಯ ಕಾಂತಪ್ಪ ಒಬ್ಬನೇ. ಮಲ್ಪೆಯ ಕಡೆಯವನು. ನಸುಕಿನಲ್ಲಿ ಅವನೂ ಎದ್ದಿರುತ್ತಿದ್ದ.

"ಎಂಥ ಮಾರಾಯ್ತಿ ಗಂಗಕ್ಕ ನೀನು! ನಮ್ಮಲ್ಲಿ ಮೀನು ಸತ್ತರೆ ಸಾರು, ನಿನ್ನಲ್ಲಿ ಸತ್ತರೆ ಶ್ರಾದ್ಧ!"

"ಇವನ್ನ ಸಾರು ಮಾಡ್ಕೊಂಡು ಉಣ್ಣು ನೋಡೂಣು ಕಾಂತಪ್ಪಣ್ಣ. ನಾಳೆ ನಿನಗೂ ನಾನ ಮಣ್ಣು ಹಾಕಬೇಕಾಗ್ತದ."

"ಬೇಡವಾ ಬೇಡ. ನನ್ನ ಹೆಂಡತಿ ಆ ಪುಣ್ಯವನ್ನು ಯಾರಿಗೂ ಬಿಟ್ಟುಕೊಡುವವಳಲ್ಲ."

ಅವನು ನಗಿಸುತ್ತಿದ್ದ. ಚಹಾ ಕೊಡುತ್ತಿದ್ದ. ಹೊಂಡದ ಕಡೆ ಮಾತ್ರ ಅವನೂ ತಿರುಗಿ ನೋಡುತ್ತಿರಲಿಲ್ಲ.

ಹೊರದೇಶದ ಖರೀದಿದಾರರ ಕಡೆಯಿಂದ ತಪಾಸಣೆ ಬರುವುದೆಂದು ಸುದ್ದಿಯಾಯಿತು. ಎರಡು ದಿನದ ತಪಾಸಣೆ, ಕೊನೆಗೆ ಪ್ರಮಾಣಪತ್ರ. ಹಿಂದಿನ ಸಂಜೆ ಸುಖೇಶ್ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂಡಿಸಿದ. ಶಾಲೆಯ ಮಾಸ್ತರರಂತೆ ನಿಂತು ಮರಾಠಿಯಲ್ಲಿ ಕೇಳಿದ: "ಹೆಲ್ಮೆಟ್ ಕೊಡ್ತಾರಾ?"

"ಕೊಡ್ತಾರೆ!"

"ಪಂಢರಿನಾಥ ಹೇಗೆ ಸತ್ತ ಅಂತ ಯಾರಾದರೂ ಕೇಳಿದರೆ?"

ತಾಟುಗಳ ಮೇಲೆ ನೊಣ ಹಾರುವುದು ಕೇಳಿಸಿತು.

"ಮಾಹೀತ ನಾಹೀ," ಎಂದು ಅವನೇ ಹೇಳಿಕೊಟ್ಟ. ಗೊತ್ತಿಲ್ಲ. "ಹೇಳಿ, ಎಲ್ಲರೂ."

"ಮಾಹೀತ ನಾಹೀ."

"ಸತ್ತವರ ಹಾಗೆ ಯಾಕೆ ಹೇಳ್ತೀರಿ? ಜೋರಾಗಿ!"

"ಮಾಹೀತ ನಾಹೀ!"

ಆಮೇಲೆ ಅವನು ಗಂಗೂಬಾಯಿಯ ಕಡೆ ನೋಡಿದ. ಅವಳೊಬ್ಬಳಿಂದಲೂ ಬೇರೆಯಾಗಿ ಹೇಳಿಸಿದ. ಅವಳು ಹೇಳಿದಳು. ಅವಳ ಖೋಲಿ ಗುತ್ತಿಗೆದಾರನದು, ಕೂಳು ಕಂಪನಿಯದು. ಮಧುಕರ ತಲೆಯೆತ್ತಲೇ ಇಲ್ಲ.

ತಪಾಸಣೆಗೆ ಬಂದವರು ಇಬ್ಬರು. ಖರೀದಿದಾರರ ಪ್ರತಿನಿಧಿ ಒಬ್ಬ ಎತ್ತರದ ಬಿಳಿಯ. ಜೊತೆಗೆ ತಪಾಸಣೆಯ ವರದಿ ಬರೆಯುವ, ಪುಣೆಯಲ್ಲೇ ಇರುವ ಧಾರವಾಡದ ಮನೆತನದ ನೀಲಿಮಾ. ಅವಳು ಕಡಿಮೆ ಮಾತಿನವಳು. ಎಲ್ಲವನ್ನೂ ಎರಡೆರಡು ಸಲ ನೋಡುವ ಕಣ್ಣು.

ಮೊದಲ ದಿನ ಸಸಿ ನೆಡುವ ಕಾರ್ಯಕ್ರಮ. ಗುಂಡಿ ತೋಡಿಟ್ಟಿದ್ದರು. ಆದರೆ ಬಿಳಿಯನಿಗೆ ಸ್ವಂತ ಅಗೆಯಬೇಕೆಂಬ ಉಮೇದು. ಹೊಂಗೆಮರದ ಬುಡದಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ ಕಂಡಿತು. ಯಾರೂ ತಡೆಯುವ ಮೊದಲೇ ಅಲ್ಲಿ ಸಲಿಕೆ ಒತ್ತಿದ. ಪೊರಕೆ ಹಿಡಿದು ದೂರ ನಿಂತಿದ್ದ ಗಂಗೂಬಾಯಿ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತಳು.

ಸಲಿಕೆಯ ತುಂಬ ಮುಳ್ಳು ಬಂದವು. ಬಾಚಣಿಗೆಯಂಥ ಬೆನ್ನುಮುಳ್ಳು, ಕಣ್ಣಿನ ತೂತಿನ ತಲೆಬುರುಡೆ. ಎರಡು ದಿನದ ಹಿಂದೆ ಹೂತದ್ದೊಂದು ಎಲೆಯೊಳಗೆ ಇನ್ನೂ ಕೇಸರಿಯಾಗಿಯೇ ಇತ್ತು.

ಸುಖೇಶನ ಮುಖ ಸುಣ್ಣವಾಯಿತು. ಒಂದೇ ಕ್ಷಣ. ಆಮೇಲೆ ಜೋರಾಗಿ ನಕ್ಕು ಇಂಗ್ಲಿಷಿನಲ್ಲಿ ಶುರು ಮಾಡಿದ. ಮೀನಿನ ಗೊಬ್ಬರ ಸರ್! ಪೂರಾ ಸಾವಯವ. ನಮ್ಮ ಕ್ಯಾಂಟೀನಿನ ಒಂದು ಮುಳ್ಳೂ ವ್ಯರ್ಥ ಹೋಗುವುದಿಲ್ಲ. ಕೆಲಸಗಾರರೇ ಪ್ರೀತಿಯಿಂದ ಮಾಡುತ್ತಾರೆ.

ಬಿಳಿಯ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಫೋಟೋದವನು ಬಗ್ಗಿ ಮುಳ್ಳುಗಳ ಫೋಟೋ ತೆಗೆದ. ಚಪ್ಪಾಳೆಯ ನಡುವೆ ಗಂಗೂಬಾಯಿಗೆ ಕಂಡದ್ದು ಬಟ್ಟೆ ಕಟ್ಟಿದ ಮಡಕೆ. ಅದನ್ನೇ ಬಿಚ್ಚಿ ಎಲ್ಲರೆದುರು ಸುರುವಿದಂತಾಯಿತು.

ಚಪ್ಪಾಳೆ ತಟ್ಟದವಳು ನೀಲಿಮಾ ಒಬ್ಬಳೇ. ಎಲೆಯ ಮಡಿಕೆಯಲ್ಲಿದ್ದ ಹಳದಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ತನ್ನಷ್ಟಕ್ಕೇ ಎಂಬಂತೆ ಕನ್ನಡದಲ್ಲಿ ಅಂದಳು: "ಗೊಬ್ಬರಕ್ಕ ಯಾರರ ಭಂಡಾರ ಹಚ್ಚತಾರೇನು?"

ಗಂಗೂಬಾಯಿ ಪೊರಕೆ ಬಿಗಿಹಿಡಿದಳು.

ಮಧ್ಯಾಹ್ನ ನೀಲಿಮಾ ಅವಳನ್ನು ಕರೆಸಿದಳು. ಒಬ್ಬಳೇ ಬರಲಿ ಎಂದು ಹೇಳಿದ್ದರೂ ಸುಖೇಶ್ ಗಾಜಿನ ಬಾಗಿಲ ಆಚೆ ಫೋನು ಹಿಡಿದು ನಿಂತಿದ್ದ.

"ಕೂಡ್ರಿ ಗಂಗೂಬಾಯಿಯವರ. ಯಾವೂರ್ರಿ ನಿಮ್ಮದು?"

"ರಾಯಬಾಗದ ಕಡೆ ರೀ."

"ಮೀನಿಗೆ ಮಣ್ಣು ಕೊಟ್ಟವರು ನೀವ ಏನ್ರಿ?"

ಗಂಗೂಬಾಯಿ ಸೊಂಟದ ಚೀಲವನ್ನು ಸೆರಗಿನಿಂದ ಮುಚ್ಚಿದಳು.

"ನಿಮ್ಮ ಯಜಮಾನ್ರೂ ಇಲ್ಲೇ ಕೆಲಸಕ್ಕಿದ್ರಂತ. ಹ್ಯಾಂಗ ತೀರಿಕೊಂಡ್ರು?"

ಗಂಗೂಬಾಯಿ ಬಾಯಿ ತೆರೆದಳು. ಗಾಜಿನ ಆಚೆಯ ನೆರಳು ಅಲುಗಿತು. ಬಾಯಿ ಮುಚ್ಚಿತು. ಮತ್ತೆ ತೆರೆದಳು. ಗಾಳಿ ಮಾತ್ರ ಬಂತು, ಪುಚ್ ಎಂದು. ಆ ಸದ್ದಿಗೆ ತಾನೇ ಬೆಚ್ಚಿದಳು.

"ಗೊತ್ತಿಲ್ರಿ," ಎಂದಳು.

ನೀಲಿಮಾ ಒತ್ತಾಯಿಸಲಿಲ್ಲ. "ನಾಳೆನೂ ನಾ ಇರ್ತೀನ್ರಿ. ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಂಶೇ ಬಂದದ್ದನ್ನ ನಾ ಬರಿಯೂ ಹಾಂಗಿಲ್ಲ. ಕಣ್ಣಿಗೆ ಕಂಡದ್ದು, ಮಂದಿ ಬಾಯಿಬಿಟ್ಟು ಹೇಳಿದ್ದು ಅಷ್ಟ ಬರೀಬಹುದು. ಇಲ್ಲೆ ನನಗ ಎಲ್ಲಾ ಛಂದನ ಕಾಣಸ್ಲಿಕ್ಕತ್ತದ."

ಆ ರಾತ್ರಿ ಡ್ರಮ್ಮಿನ ಮೀನುಗಳು ಬಹಳ ಸದ್ದು ಮಾಡಿದವು. ಅವಳು ಮುಚ್ಚಳದ ಮೇಲಿನ ಪಾನಾ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಡಿಯ ಹತ್ತಿರ ಕಬ್ಬಿಣ ಸವೆದು ನುಣುಪಾಗಿತ್ತು. ಅವನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ ಅವಳ ಹೆಬ್ಬೆರಳು ಕೂತಿತು.

ಎರಡನೆಯ ದಿನ ಗಾಜಿನ ತೊಟ್ಟಿಗೆ ಹೊಸ ಕಲ್ಲಿನ ಫಲಕದ ಅನಾವರಣ. ತೊಟ್ಟಿ, ಫಲಕ ಎರಡನ್ನೂ ಸೇರಿಸಿ ಹಸಿರು ರೇಷ್ಮೆಬಟ್ಟೆ ಮುಚ್ಚಬೇಕು, ಬಿಳಿಯನು ದಾರ ಎಳೆದೊಡನೆ ಮೀನುಗಳು ಥಳಥಳ ಹೊಳೆಯಬೇಕು. ಸುಖೇಶನ ಯೋಜನೆ ಅದು. ಬಟ್ಟೆ ಕಟ್ಟುವ ಕೆಲಸ ಗಂಗೂಬಾಯಿಗೆ.

ನಸುಕಿನಲ್ಲೇ ಬಂದಳು. ಡ್ರಮ್ಮಿನ ಮೀನುಗಳನ್ನೆಲ್ಲ ತೊಟ್ಟಿಗೆ ಬಿಟ್ಟಳು. ಅವು ಸಂತೋಷದಿಂದ ಸುತ್ತು ಹಾಕಿದವು. ಅವಳು ಅವುಗಳ ಕಡೆ ನೋಡದೆ ಬಟ್ಟೆ ಹೊದಿಸಿದಳು. ಹಿಂಬದಿಯಲ್ಲಿ ಮಂಡಿಯೂರಿ, ಸೆರಗಿನೊಳಗಿಂದ ಪಾನಾ ತೆಗೆದು ಚಕ್ರವಿಲ್ಲದ ವಾಲ್‌ಗೆ ಕಚ್ಚಿಸಿದಳು. ಬರಲಿಲ್ಲ. ಗಂಡ ಹೇಗೆ ಮೈಭಾರ ಹಾಕುತ್ತಿದ್ದನೋ ನೆನೆಸಿಕೊಂಡು ಹೆಗಲು ಕೊಟ್ಟಳು. ಕಿರ್ ಎಂದು ತಿರುಗಿತು.

"ತಪ್ಪಾತು," ಎಂದಳು ಬಟ್ಟೆಯ ಕಡೆ ತಿರುಗಿ. "ನೀವೂ ನನ್ನ ಮನ್ಯಾಗ ಇದ್ದವರು."

ಪಾನಾ ಮತ್ತೆ ಸೆರಗಿನೊಳಗೆ ಹೋಯಿತು. ಅಂಗಳ ಗುಡಿಸಬೇಕಿತ್ತು. ಬಿಟ್ಟು ಹೋದರೆ ಸಂಶಯ. ತೊಟ್ಟಿಯ ಸುತ್ತಲೇ ಗುಡಿಸಿದಳು. ಬಟ್ಟೆಯೊಳಗಿಂದ ಪುಚ್ ಎಂದಿತು. ಮತ್ತೊಂದು. ಆಮೇಲೆ ಒಂದರ ಮೇಲೊಂದು, ಮಳೆ ಹನಿದಂತೆ. ಬಾಲಗಳು ಗಾಜಿಗೆ ಬಡಿದವು. ಅವಳು ಜೋರಾಗಿ ಗುಡಿಸಿದಳು, ಆ ಸದ್ದು ಮುಚ್ಚಿಹೋಗುವಂತೆ. ಚಹಾ ಕೆಟಲಿ ಹಿಡಿದು ಬಂದ ಕಾಂತಪ್ಪ ನಿಂತುಬಿಟ್ಟ. ಬಟ್ಟೆ ನೋಡಿದ. ಅವಳನ್ನು ನೋಡಿದ. ಸೆರಗಿನ ಉಬ್ಬು ನೋಡಿದ.

"ಚಹಾ ಆರಿತು," ಎಂದು ಯಾರಿಗೂ ಅಲ್ಲದಂತೆ ಹೇಳಿ ತಿರುಗಿ ಹೋದ.

ಬಿಸಿಲೇರುವ ಹೊತ್ತಿಗೆ ಬಟ್ಟೆಯೊಳಗೆ ಎಲ್ಲ ನಿಶ್ಶಬ್ದವಾಗಿತ್ತು. ಅವಳಿಗೆ ಆ ನಿಶ್ಶಬ್ದವೇ ಹೆಚ್ಚು ಕೇಳಿಸಿತು.

ಬಿಳಿಯನು ದಾರ ಎಳೆದ. ರೇಷ್ಮೆ ಜಾರಿತು. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮಾಸಲು ಹಳದಿ ನೀರು. ಅದರ ಮೇಲೆ ಒತ್ತೊತ್ತಾಗಿ ಬಿಳಿ ಹೊಟ್ಟೆಗಳು, ತೆರೆದ ಬಾಯಿಗಳು. ಕೆಳಗೆ ಚಿನ್ನದ ಅಕ್ಷರಗಳಲ್ಲಿ ಹೊಸ ಫಲಕ. ಬಿಳಿಯನ ಕೈಯಿಂದ ಮೀನಿಗೆ ಹಾಕಬೇಕಿದ್ದ ಕಾಳು ನೆಲಕ್ಕೆ ಉದುರಿತು.

ಈ ಸಲ ಸುಖೇಶನಿಗೆ ನಗು ಬರಲಿಲ್ಲ.

ನೀಲಿಮಾ ಸೀದಾ ಹಿಂಬದಿಗೆ ಹೋದಳು. ಪೈಪಿನ ಗುಂಟ ಕಣ್ಣು ಹಾಯಿಸಿ, ತೆರೆದ ವಾಲ್ ನೋಡಿ, ಚೀಲದಿಂದ ಬಾಟಲಿ ತೆಗೆದು ಪೈಪಿನ ಬಾಯಿಗೇ ಹಿಡಿದಳು. ಎರಡನೆಯ ಬಾಟಲಿ ಬೋರಿನ ನಲ್ಲಿಗೆ. ಬಿಳಿಯ ಅವೆರಡನ್ನೂ ಬಿಸಿಲಿಗೆ ಹಿಡಿದು ನೋಡಿದ.

ಸುಖೇಶ್ ಕೆಲಸಗಾರರ ಕಡೆ ನುಗ್ಗಿದ. "ವಾಲ್ ಯಾರು ತೆಗೆದದ್ದು?" ಮರಾಠಿಯಲ್ಲಿ ಕಿರುಚಿದ. "ಮಧುಕರ, ನೀನಾ? ಕಾಂತಪ್ಪ, ನಸುಕಿನಲ್ಲಿ ಇಲ್ಲಿದ್ದವನು ನೀನು. ಯಾರು?"

ಮಧುಕರ ಮೊದಲ ಸಲ ತಲೆಯೆತ್ತಿದ. "ಮಾಹೀತ ನಾಹೀ."

"ಮಾಹೀತ ನಾಹೀ," ಎಂದ ಕಾಂತಪ್ಪ, ಅದೇ ಗಂಭೀರ ಮುಖದಿಂದ.

ಸಾಲಿನ ಆ ತುದಿಯಿಂದ ಒಬ್ಬ, ಈ ತುದಿಯಿಂದ ಇನ್ನೊಬ್ಬ. ಆಮೇಲೆ ಎಲ್ಲರೂ ಒಟ್ಟಿಗೆ. ಜೋರಾಗಿ. ಅವನೇ ಕಲಿಸಿದ್ದ ಹಾಗೆ.

"ಮಾವಶಿ," ಎಂದು ಅವನು ಅವಳ ಹತ್ತಿರ ಬಂದ. "ನಿನಗೆ ಗೊತ್ತುಂಟು. ನೀನೇ ಬಟ್ಟೆ ಕಟ್ಟಿದ್ದು."

"ವಾಲಿಂದು ನನಗೇನು ಗೊತ್ರಿ ಸಾಹೇಬ್ರ," ಎಂದಳು ಗಂಗೂಬಾಯಿ. ಅವನನ್ನು ದಾಟಿ ನೀಲಿಮಾಳ ಮುಂದೆ ಹೋಗಿ ನಿಂತಳು. "ಅಕ್ಕಾರ, ನಿನ್ನೆ ನೀವೊಂದು ಕೇಳಿದ್ರಿ. ನನ್ನ ಗಂಡ ರಸ್ತೇದಾಗ ಸತ್ತಿಲ್ರಿ. ಎಲ್ಲಿ ಸತ್ತ ಅಂತ ನನಗ ಗೊತ್ತದ. ತೋರಸ್ತೀನಿ, ಬರ್ರಿ."

"ಏ, ಅವಳಿಗೆ ತಲೆ ಸರಿ ಇಲ್ಲ ಮೇಡಂ, ಗಂಡ ಹೋದಾಗಿನಿಂದ..."

"ನೀವು ಸುಮ್ಮನಿರ್ರಿ," ಎಂದಳು ನೀಲಿಮಾ.

ಗಂಗೂಬಾಯಿ ಮುಂದೆ ನಡೆದಳು. ಹಿತ್ತಿಲ ಶೆಡ್ಡು ದಾಟಿ, ಕೆಸರು ನಿಲ್ಲುವ ಹೊಂಡದ ಹತ್ತಿರ. ಒಳಗಿಳಿಯುವ ಕಬ್ಬಿಣದ ಏಣಿಯನ್ನು ಕಳಚಿದ್ದರು. ಅದನ್ನು ಬಿಗಿದಿದ್ದ ಬೋಲ್ಟಿನ ತೂತುಗಳು ಹಾಗೇ ಇದ್ದವು. "ಇದರಾಗ ಪಂಪು ಕಟ್ಟಿತ್ರಿ. ಬಾಯಿಗೆ ಕಟ್ಟಾಕ ಏನೂ ಕೊಡದ ಇಳಿಸಿದ್ರು," ಎಂದಳು. "ಹೊಳ್ಳಿ ಮ್ಯಾಲೆ ಬರಲಿಲ್ಲ."

"ನೀವು ಕಣ್ಣಾರೆ ನೋಡಿದ್ರ್ಯಾ?" ನೀಲಿಮಾ ಮೆಲ್ಲಗೆ ಕೇಳಿದಳು. ಕೇಳಲೇಬೇಕಿತ್ತು.

ಗಂಗೂಬಾಯಿ ಇಲ್ಲವೆಂದು ತಲೆಯಾಡಿಸಿದಳು. ಹಿಂದೆ ಹೆಜ್ಜೆಯ ಸದ್ದಾಯಿತು.

"ನಾ ನೋಡೇನ್ರಿ," ಎಂದ ಮಧುಕರ. ಅವನ ಕೆನ್ನೆ ಒದ್ದೆಯಾಗಿತ್ತು. "ಹಗ್ಗಾ ಕಟ್ಟಿ ಎತ್ತಿದಾಂವ ನಾನ ರೀ. ಬರಕೋರಿ. ನನ್ನ ಹೆಸರೂ ಬರಕೋರಿ."

ಸಂಜೆ ಗೇಟಿನಲ್ಲಿ ಅವಳ ಗುರುತಿನ ಕಾರ್ಡು ಕಸಿದುಕೊಂಡರು. ಮಧುಕರನದೂ. ಖೋಲಿ ಬಿಡಬೇಕೆಂದು ಗುತ್ತಿಗೆದಾರನ ಆಳು ಹೇಳಿ ಹೋದ. ಅವನೇ, ಪಂಢರಿನಾಥನ ತಮ್ಮನಾಗಿದ್ದವನು. ಪ್ರಮಾಣಪತ್ರ ಸದ್ಯಕ್ಕೆ ತಡೆಹಿಡಿದಿದ್ದಾರೆ ಎಂದು ಕಾಂತಪ್ಪ ಸುದ್ದಿ ತಂದ. ಬಾಟಲಿಗಳು ಪುಣೆಗೆ ಹೋದವು. ಮುಂದೇನಾಗುವುದೋ ಯಾರಿಗೂ ಗೊತ್ತಿರಲಿಲ್ಲ. ಹಳ್ಳದ ನೀರು ಮಾತ್ರ ಆ ಸಂಜೆಯೂ ಹಳದಿಯಾಗಿಯೇ ಹರಿಯಿತು.

ಸತ್ತ ಮೀನುಗಳನ್ನು ಬಾಯ್ಲರಿಗೆ ಹಾಕಲು ಸುಖೇಶ್ ಹೇಳಿದ್ದ. ಕಾಂತಪ್ಪ ಅವನ್ನು ಅನ್ನದ ದೊಡ್ಡ ಪಾತ್ರೆಯಲ್ಲಿ ತುಂಬಿಕೊಂಡು ಗೇಟಿನ ಹೊರಗೆ, ಬೇಲಿಯಾಚೆಯ ಬಯಲಿಗೆ ಹೊತ್ತು ತಂದ. ಪಾಳಿ ಬಿಟ್ಟ ಕೆಲಸಗಾರರು ಮನೆಗೆ ಹೋಗದೆ ಅವನ ಹಿಂದೆ ಬಂದರು. ಯಾರೂ ಕರೆದಿರಲಿಲ್ಲ. ಮಧುಕರ ಗುಂಡಿ ತೋಡಿದ, ಮೀನಿಗೆ ಬೇಕಾದುದಕ್ಕಿಂತ ಬಹಳ ಆಳವಾಗಿ, ಆಳುದ್ದ. ಗಂಗೂಬಾಯಿ ಭಂಡಾರದ ಚೀಲವನ್ನು ಪೂರ್ತಿ ಕೊಡವಿದಳು. ಆಮೇಲೆ ಒಬ್ಬೊಬ್ಬರೇ ಬಂದು ಬಗ್ಗಿದರು. ಬಿಹಾರದವನು, ಬೀಡ್ ಜಿಲ್ಲೆಯವನು, ಮಲ್ಪೆಯವನು. ಒಂದೊಂದು ಹಿಡಿ ಮಣ್ಣು. ಯಾರಿಗೆ ಹಾಕುತ್ತಿದ್ದೇವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಯ ಹಿಡಿ ಅವಳದು. ಹಾಕಿ ಎದ್ದಾಗ ಮಧುಕರ ಪಿಸುಗುಟ್ಟಿದ: "ವೈನಿ, ವಾಲ್ ತಿರುವಿದವರು..."

ಗಂಗೂಬಾಯಿ ಅವನ ಮುಖ ನೋಡಿದಳು. ಅವನು ಮಾತು ಅಲ್ಲಿಗೇ ಬಿಟ್ಟ.

ರಾತ್ರಿ ಗಂಟು ಕಟ್ಟಿ, ಖಾಲಿ ಡ್ರಮ್ಮಿನ ಪಕ್ಕ ಒರಗಿದಳು. ನಿದ್ದೆ ಹತ್ತುವ ಹೊತ್ತಿಗೆ ಕೇಳಿಸಿತು. ಪುಚ್. ಎದ್ದು ಮುಚ್ಚಳ ತೆಗೆದಳು. ತಳದಲ್ಲಿ ಬೊಗಸೆ ನೀರು, ಅದರಲ್ಲಿ ಏನೂ ಇಲ್ಲ. ಅವಳು ಬದುಕಿದ್ದ ಜೀವಗಳನ್ನು ತನ್ನ ಕೈಯಾರೆ ಕೊಂದಿದ್ದಳು. ಬಟ್ಟೆಯ ಹೊರಗೆ ನಿಂತು ಆ ಸದ್ದು ಮುಗಿಯುವ ತನಕ ಗುಡಿಸಿದ್ದಳು. ಕಂಪನಿಯವರೂ ಅಂದು ಹೊಂಡದ ಮೇಲೆ ನಿಂತು ಹೀಗೇ ಕೇಳಿದ್ದಿರಬಹುದು.

ಪಾನಾವನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಂಟಿನ ನಡುವೆ ಇಟ್ಟಳು. ಗಂಡನ ಸಾವನ್ನು ಕೇಳಿದವರಿಗೆಲ್ಲ ಹೇಳುವುದು. ಕೋರ್ಟಿನಲ್ಲಿ, ಚಾವಡಿಯಲ್ಲಿ, ಬಸ್ಸಿನಲ್ಲಿ, ಕೇಳದವರಿಗೂ ಹೇಳುವುದು. ಇದನ್ನು ಮಾತ್ರ ಯಾರಿಗೂ ಹೇಳಬಾರದು. ನೀಲಿಮಾಗೂ ಇಲ್ಲ, ಮಧುಕರನಿಗೂ ಇಲ್ಲ, ಹೆತ್ತ ತಾಯಿಗೂ ಇಲ್ಲ.

ಡ್ರಮ್ಮು ಮತ್ತೆ ಪುಚ್ ಎಂದಿತು. ಅವಳು ಮುಚ್ಚಳ ಮುಚ್ಚಿದಳು.